ಹತ್ತು ಬೆರಳುಗಳ ರಜೆ

ಮಾರ್ಚ್ 6, ಗುರುವಾರ

ಐವತ್ತೇಳು ವರ್ಷ ಬದುಕಿದ ಮೇಲೆ ನನಗೆ ಬೆರಳಿನ ಗುರುತೇ ಇಲ್ಲ ಎಂದು ಮೊನ್ನೆ ಗೊತ್ತಾಯಿತು.

ಪಾಸ್‌ಪೋರ್ಟ್ ಕಚೇರಿಯಲ್ಲಿ ಗಾಜಿನ ಮುಚ್ಚಳದ ಪುಟ್ಟ ಪೆಟ್ಟಿಗೆ, ಒಳಗೆ ಹಸಿರು ದೀಪ. ನಾಲ್ಕು ಬೆರಳು ಒತ್ತಿ ಎಂದರು, ಒತ್ತಿದೆ. ಕಂಪ್ಯೂಟರಿನಲ್ಲಿ ನಾಲ್ಕು ಬೂದು ಮಚ್ಚೆ ಮೂಡಿದವು, ಅಷ್ಟೇ. ಒರೆಸಿಕೊಂಡು ಒತ್ತಿದೆ, ಒದ್ದೆ ಮಾಡಿಕೊಂಡು ಒತ್ತಿದೆ, ಉಸಿರು ಬಿಗಿಹಿಡಿದು ಒತ್ತಿದೆ. ಕೌಂಟರಿನ ಹೆಂಗಸು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು.

"ಏನ್ ಕೆಲ್ಸ ಮಾಡ್ತೀರಮ್ಮ?"

"ಬುಕ್ ಬೈಂಡಿಂಗು. ನಲವತ್ತು ವರ್ಷ ಆಯ್ತು."

"ಕಾಗದ ನಿಮ್ ಬೆರಳನ್ನ ಸವೆಸಿಬಿಟ್ಟಿದೆ. ಗೆರೆಗಳೇ ಇಲ್ಲ."

ನಿಮ್ಮ ಮಷೀನೇ ಕೆಟ್ಟಿರಬೇಕು ಎಂದೆ. ಆಕೆ ಬೇಜಾರು ಮಾಡಿಕೊಳ್ಳದೆ, ನನ್ನ ಚೀಲ ಹಿಡಿದು ಬೆಂಚಿನ ಮೇಲೆ ಕೂತಿದ್ದ ಇವರನ್ನು ಕರೆದು ಒತ್ತಿಸಿದರು. ಒಂದೇ ಸಲಕ್ಕೆ ನಾಲ್ಕೂ ಬೆರಳು ಗೆರೆಗೆರೆಯಾಗಿ, ಕಡೆದಿಟ್ಟ ಹಾಗೆ ಬಂದವು. "ಕೆಲಸ ಕಾಣದ ಕೈ ನೋಡಿ, ಹೊಸದಾಗೇ ಇದೆ" ಎಂದೆ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಇವರೂ ನಕ್ಕರು. ನಮ್ಮ ಅಂಗಡಿಯಲ್ಲಿ ಮಾತು ಇವರದು, ಕೆಲಸ ನನ್ನದು. ಇವರು ಆರ್ಡರ್ ಹಿಡಿಯುತ್ತಾರೆ, ರಟ್ಟು ಕತ್ತರಿಸುತ್ತಾರೆ, ಸೈಕಲ್ಲಿನಲ್ಲಿ ಹೋಗಿ ಕೊಟ್ಟು ಬರುತ್ತಾರೆ. ಮಡಿಕೆ, ಹೊಲಿಗೆ, ಅಂಟು ಎಲ್ಲ ನಾನೇ. ಸೂಜಿಯನ್ನು ಇವರ ಕೈಗೆ ಕೊಟ್ಟವಳಲ್ಲ.

ಆಕೆ ಕೊಟ್ಟ ಶಿಕ್ಷೆ ಇದು: ಮೂರು ವಾರ ಕಾಗದ ಮುಟ್ಟಬಾರದು, ಅಂಟು ಮುಟ್ಟಬಾರದು, ಪಾತ್ರೆ ತೊಳೆಯಬಾರದು, ಬಟ್ಟೆ ಒಗೆಯಬಾರದು. ಬೆಳಿಗ್ಗೆ ಸಂಜೆ ಎಣ್ಣೆ. ಚರ್ಮ ಮತ್ತೆ ಹುಟ್ಟುತ್ತದಂತೆ. ಇಪ್ಪತ್ತಾರಕ್ಕೆ ಬನ್ನಿ, ಗುರುತು ಸಿಕ್ಕರೆ ಹತ್ತು ದಿನದಲ್ಲಿ ಪಾಸ್‌ಪೋರ್ಟ್ ಮನೆಗೇ ಬರುತ್ತದೆ ಎಂದರು. ಪೆನ್ನು ಹಿಡಿಯಬಹುದೇ ಎಂದು ಕೇಳಿದೆ. ಅದಕ್ಕೇನೂ ತೊಂದರೆ ಇಲ್ಲವಂತೆ. ಅದಕ್ಕೇ ಈ ಬರವಣಿಗೆ. ಮಿಕ್ಕ ರೂಲ್ ಕಾಗದ ಸೇರಿಸಿ ಇವರೇ ಈ ಪುಸ್ತಕ ಹೊಲಿದುಕೊಟ್ಟರು. ಇವರ ಮೊದಲ ಪುಸ್ತಕ. ಹೊಲಿಗೆ ನೋಡಿದರೆ ಅಳು ಬರುತ್ತದೆ.

ಅವಸರ ಯಾಕೆಂದರೆ ಅಕ್ಕ. ಮೂವತ್ತು ವರ್ಷದಿಂದ ಆ ದ್ವೀಪದಲ್ಲಿದ್ದಾಳೆ. ವಿಮಾನದಲ್ಲಿ ಐವತ್ತೈದು ನಿಮಿಷ, ಆದರೂ ನಾನು ಒಮ್ಮೆಯೂ ಹೋಗಿಲ್ಲ. ಕೆಲಸ ಬಿಟ್ಟು ಹೇಗೆ ಹೋಗಲಿ. ಅವಳು ಬಂದು ಹೋಗಿ ಹತ್ತೊಂಬತ್ತು ವರ್ಷವಾಯಿತು. ಅವಳ ಗಂಡ ತೀರಿಹೋಗಿ ಹನ್ನೊಂದು ವರ್ಷ. ನಾಲ್ಕು ಕೋಣೆಯ ವಸತಿಗೃಹ ನಡೆಸಿಕೊಂಡು ಆರಾಮವಾಗಿದ್ದವಳು ಈಗ, ಅರವತ್ತನಾಲ್ಕನೇ ವಯಸ್ಸಿನಲ್ಲಿ, ದೋಣಿಯಲ್ಲಿ ಟಿಕೆಟ್ ನೋಡುತ್ತಿದ್ದ ಒಬ್ಬ ಮನುಷ್ಯನನ್ನು ಮದುವೆಯಾಗುತ್ತಾಳಂತೆ. ಏಪ್ರಿಲ್ ಹದಿನಾರಕ್ಕೆ ರಿಜಿಸ್ಟ್ರಾರ್ ಕಚೇರಿಯಲ್ಲಿ. ಸಾಕ್ಷಿ ಸಹಿ ಹಾಕಲು ನಾನೇ ಬರಬೇಕಂತೆ.

ಹದಿಮೂರಕ್ಕೆ ಟಿಕೆಟ್ ಆಗಿದೆ. ಹೋಗುತ್ತೇನೆ. ಆದರೆ ಸಹಿ ಹಾಕಲು ಅಲ್ಲ, ಬುದ್ಧಿ ಹೇಳಲು. ಹೇಳಬೇಕಾದ ಮಾತುಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿದ್ದೇನೆ. ಹನ್ನೊಂದಾಗಿವೆ. ಅಕ್ಕನಿಗೆ ಎದುರು ಕೂತು ಹೇಳಿದರೆ ಮಾತ್ರ ಕೇಳುತ್ತಾಳೆ, ಫೋನಿನಲ್ಲಾದರೆ ಇಟ್ಟುಬಿಡುತ್ತಾಳೆ.

ಮಾರ್ಚ್ 8, ಶನಿವಾರ

ಇವರು ಅಡುಗೆಮನೆಗೆ ಇಳಿದಿದ್ದಾರೆ. ಉಪ್ಪೆಲ್ಲಿದೆ, ಸಕ್ಕರೆ ಎಲ್ಲಿದೆ, ಇದು ಯಾವ ಬೇಳೆ. ಈರುಳ್ಳಿ ಸಿಪ್ಪೆ ಎಷ್ಟು ಪದರ ತೆಗೆಯಬೇಕು ಎಂದು ಕೇಳಿದರು. ನಾನು ಉತ್ತರ ಕೊಡುವಷ್ಟರಲ್ಲಿ ಈರುಳ್ಳಿಯೇ ಮುಗಿದಿತ್ತು.

ನನ್ನ ಕೈ ತುರಿಸುತ್ತಿದೆ. ಎದುರಿಗೆ ಒಡೆದ ಬೆನ್ನಿನ ನಿಘಂಟು ಬಿದ್ದಿದೆ, ನಾನು ಎಣ್ಣೆ ಸವರಿಕೊಂಡು ಗೊಂಬೆಯ ಹಾಗೆ ಕೂತಿದ್ದೇನೆ.

ಮಾರ್ಚ್ 11, ಮಂಗಳವಾರ

ಅಕ್ಕ ಫೋನ್ ಮಾಡಿದ್ದಳು. ಬೆರಳಿನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಪ್ಪು ಅವಳದೇ. ಬೇರೆ ಬೈಂಡರುಗಳು ಕಾಗದದ ಮಡಿಕೆಯನ್ನು ಮೂಳೆಯ ಪಟ್ಟಿಯಿಂದ ಉಜ್ಜುತ್ತಾರೆ. ನಾವಿಬ್ಬರು ಬೆರಳಿನಿಂದಲೇ. ಚಿಕ್ಕಪ್ಪನ ಅಂಗಡಿಯಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಬೆರಳಿಗೆ ತಿಳಿಯುವಷ್ಟು ಮೂಳೆಗೆ ತಿಳಿಯಲ್ಲ ಎಂದು ಹೇಳಿಕೊಟ್ಟವಳು ಅವಳು.

"ಅಲ್ಲ ಕಣಕ್ಕ, ಹನ್ನೊಂದು ವರ್ಷ ಒಬ್ಳೇ ಇದ್ದೆ. ಈಗೇನು ಬಂತು?"

"ಸಂಜೆ ಟೀ ಮಾಡಿದ್ರೆ ಒಂದು ಲೋಟಕ್ಕೆ ಅಳತೆ ಬರಲ್ಲ ಕಣೇ ಪುಟ್ಟಿ. ಹನ್ನೊಂದು ವರ್ಷದಿಂದ ಒಂದೂವರೆ ಲೋಟ ಮಾಡಿ ಅರ್ಧ ಚೆಲ್ತಿದೀನಿ."

ಇದೊಂದು ಕಾರಣವೇ? ಚಿಕ್ಕ ಪಾತ್ರೆ ತಗೊಂಡರೆ ಮುಗಿಯಿತು. ಪಟ್ಟಿಯಲ್ಲಿ ಹನ್ನೆರಡನೆಯದಾಗಿ ಅದನ್ನೂ ಸೇರಿಸಿದೆ.

ಇನ್ನೊಂದು ವಿಷಯ. ದ್ವೀಪದ ಗಡಿಯಾರ ನಮ್ಮದಕ್ಕಿಂತ ಎರಡು ಗಂಟೆ ಹಿಂದೆಯಂತೆ. "ಇಲ್ಲಿ ಎಲ್ಲಕ್ಕೂ ಸೋಮಾರಿತನ, ಗಡಿಯಾರಕ್ಕೂ" ಎಂದಳು. ಇವರು ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿ ಬೆಚ್ಚಿಬಿದ್ದರು.

"ಹತ್ತು ಗಂಟೆಗೆ ಇಲ್ಲಿಂದ ಹೊರಟ್ರೆ ಅಲ್ಲಿ ಎಂಟು ಐವತ್ತೈದಕ್ಕೆ ಇಳೀತೀಯ. ಅಂದ್ರೆ ಹೊರಡೋಕೆ ಒಂದು ಗಂಟೆ ಮುಂಚೇನೇ ಅಲ್ಲಿರ್ತೀಯ."

"ಹಾಗಾದ್ರೆ ಟಿಕೆಟ್ ಯಾಕ್ರೀ, ಹೊರಡದೇನೇ ಇರ್ಬಹುದಲ್ಲ."

ಅದನ್ನೂ ಸ್ವಲ್ಪ ಹೊತ್ತು ಯೋಚಿಸಿದರು ಪುಣ್ಯಾತ್ಮರು.

ಮಾರ್ಚ್ 12, ಬುಧವಾರ

ಅನ್ನ ತಳ ಹಿಡಿದಿತ್ತು. ಏನೂ ಹೇಳಲಿಲ್ಲ. ಹೇಳದೆ ಇದ್ದದ್ದು ಇದೇ ಮೊದಲು.

ಮಾರ್ಚ್ 15, ಶನಿವಾರ

ನಗರಸಭೆಯ ನೀರಿನ ತೆರಿಗೆ ರಿಜಿಸ್ಟರುಗಳು ಬಂದಿವೆ, ಇಪ್ಪತ್ತು. ತಿಂಗಳ ಕೊನೆಗೆ ಕೊಡಬೇಕು. ವಾಪಸ್ ಕಳಿಸೋಣ ಎಂದೆ. ಇವರು ತಲೆ ಅಲ್ಲಾಡಿಸಿ ನನ್ನ ಸ್ಟೂಲಿನ ಮೇಲೆ ಕೂತುಬಿಟ್ಟರು. "ನೀನು ಹೇಳು, ನಾನು ಮಾಡ್ತೀನಿ" ಎಂದರು.

ಕುರ್ಚಿ ಹಾಕಿಕೊಂಡು ಕೂತು ಬೆಳಿಗ್ಗೆಯಿಂದ ಸಂಜೆಯವರೆಗೆ ಹೇಳಿದೆ. ನಲವತ್ತು ವರ್ಷ ಕೈ ತಾನಾಗಿ ಮಾಡುತ್ತಿದ್ದುದನ್ನು ಬಾಯಲ್ಲಿ ಹೇಳುವುದು ಎಷ್ಟು ಕಷ್ಟ. ದಾರ ಎಷ್ಟು ಬಿಗಿ ಎಂದು ಕೇಳುತ್ತಾರೆ. ಕಾಗದ ಅಳಬಾರದು, ಸಡಿಲವಾಗಿ ನಗಲೂಬಾರದು ಎಂದೆ. ಅರ್ಥವಾಯಿತಂತೆ. ಮಡಿಕೆ ಉಜ್ಜಲು ಮೂಳೆಯ ಪಟ್ಟಿ ಕೊಡಿಸೋಣವೇ ಎಂದರೆ, "ನಿಮ್ಮನೇಲಿ ಬೆರಳಲ್ಲಿ ತಾನೇ ಉಜ್ಜೋದು" ಎಂದು ಬೆರಳುಗಳಿಂದಲೇ ಉಜ್ಜಿದರು. ಸಂಜೆಗೆ ಒಂದೂವರೆ ರಿಜಿಸ್ಟರ್ ಆಯಿತು. ನಾನಾಗಿದ್ದರೆ ಐದು. ಆದರೆ ಆ ಒಂದೂವರೆ ಕೆಟ್ಟದಾಗಿಲ್ಲ. ಇವರ ಮುಂದೆ ಹೀಗೆ ಹೇಳಲಿಲ್ಲ, ತಲೆಗೇರುತ್ತದೆ.

ಮಾರ್ಚ್ 18, ಮಂಗಳವಾರ

ಈ ಪುಟದಲ್ಲಿ ಮಾರ್ಜಿನ್ ಗೆರೆ ಎಡಕ್ಕಿರುವ ಬದಲು ಬಲಕ್ಕಿದೆ. ಮುಂದೆ ತಿರುವಿದೆ. ಹದಿನಾರು ಪುಟದ ಒಂದು ಇಡೀ ಮಡಿಕೆ ಕಟ್ಟನ್ನೇ ತಲೆಕೆಳಗಾಗಿ ಹೊಲಿದಿದ್ದಾರೆ. ತೋರಿಸಿದರೆ, "ಪುಸ್ತಕಾನೇ ತಿರುಗಿಸಿ ಹಿಡ್ಕೊಂಡ್ರೆ ಆಯ್ತು" ಎಂದರು. ಹಿಂದಿನ ನಾನಾಗಿದ್ದರೆ ಬಿಚ್ಚಿ ಹೊಲಿಯದೆ ಊಟ ಮಾಡುತ್ತಿರಲಿಲ್ಲ. ಈಗ ಹಾಗೇ ಬರೆಯುತ್ತಿದ್ದೇನೆ. ಗೆರೆ ಬಲಕ್ಕಿದ್ದರೆ ಅಕ್ಷರವೇನು ಬಿದ್ದುಹೋಗುತ್ತದೆಯೇ.

ಮಧ್ಯಾಹ್ನ ನಾಲ್ಕಕ್ಕೆ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲು ಬರುತ್ತದೆ. ಎದುರಿನ ಬೀಗ ರಿಪೇರಿಯವನು ಆ ಹೊತ್ತಿಗೆ ಸ್ಟೂಲ್ ಹೊರಗೆ ಹಾಕಿ ಕೂರುತ್ತಾನೆ. ಇದೆಲ್ಲ ದಿನವೂ ನಡೆಯುತ್ತದಂತೆ. ನನಗೆ ಗೊತ್ತೇ ಇರಲಿಲ್ಲ. ಇವತ್ತು ಮೆಟ್ಟಿಲ ಮೇಲೆ ಕೂತಿದ್ದಾಗ ಇವರು ಎರಡು ಲೋಟ ಟೀ ತಂದರು. ಬಿಸಿಲು ಮೂರನೇ ಮೆಟ್ಟಿಲಿಂದ ಇಳಿಯುವವರೆಗೆ ಕೂತಿದ್ದೆವು.

ಎಣ್ಣೆಯನ್ನೂ ಇವರೇ ಹಚ್ಚುತ್ತಾರೆ, ಒಂದೊಂದೇ ಬೆರಳಿಗೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಏಳು ಗಂಟೆಯಾಗುತ್ತಿದ್ದಂತೆ ಕೈ ತಾನಾಗಿ ಮುಂದೆ ಚಾಚುತ್ತದೆ.

ಮಾರ್ಚ್ 20, ಗುರುವಾರ

ಪಟ್ಟಿ ಕಾಣೆಯಾಗಿದೆ. ಅಕ್ಕನಿಗೆ ಹೇಳಬೇಕಾದ ಹನ್ನೆರಡು ಮಾತುಗಳ ಹಾಳೆ. ಮೇಜು, ಡ್ರಾಯರು, ಹಾಸಿಗೆ ಕೆಳಗೆ, ಎಲ್ಲ ಹುಡುಕಿಸಿದೆ. ಕೊನೆಗೆ ಇವರು ಮೆಲ್ಲಗೆ ಬಾಯಿಬಿಟ್ಟರು.

"ಒಂದು ಕಡೆ ಬರೆದಿದ್ದ ದಪ್ಪ ಹಾಳೆನಾ?"

"ಹೂಂ."

"ರಿಜಿಸ್ಟರ್ ಬೆನ್ನಿಗೆ ಅಂಟಿಸೋಕೆ ರದ್ದಿ ಕಾಗದ ತಗೋಳಿ ಅಂದಿದ್ಯಲ್ಲ."

ಬೆನ್ನು ಗಟ್ಟಿಯಾಗಲೆಂದು ಒಳಗಡೆ ರದ್ದಿ ಕಾಗದ ಅಂಟಿಸುವುದು ನಮ್ಮ ಪದ್ಧತಿ. ಮೇಲೆ ಬಟ್ಟೆ ಕೂತ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಏಳನೆಯದೋ ಎಂಟನೆಯದೋ ರಿಜಿಸ್ಟರು, ಇವರಿಗೇ ನೆನಪಿಲ್ಲ. ನನ್ನ ಹನ್ನೆರಡು ಬುದ್ಧಿಮಾತುಗಳೂ ಈಗ ನೀರಿನ ತೆರಿಗೆಯ ಬೆನ್ನೊಳಗೆ ಭದ್ರವಾಗಿವೆ. ಎರಡು ಗಂಟೆ ಮುಖ ಊದಿಸಿಕೊಂಡು ಕೂತಿದ್ದೆ. ಆಮೇಲೆ ನಗು ತಡೆಯಲಾಗಲಿಲ್ಲ.

ಮತ್ತೆ ಬರೆಯಲು ಕೂತರೆ ನಾಲ್ಕೇ ನೆನಪಾದವು. ಒಂದು, ಜನ ಏನಂದಾರು. ಎರಡು, ಆ ದೋಣಿಯವರ ಆರೋಗ್ಯ ಹೇಗೋ ಏನೋ. ಮೂರು, ಒಬ್ಬಳೇ ಇದ್ದು ಅಭ್ಯಾಸವಾಗಿದೆಯಲ್ಲ. ನಾಲ್ಕನೆಯದು ಚಿಕ್ಕ ಪಾತ್ರೆ. ಅದನ್ನು ಹೊಡೆದುಹಾಕಿದೆ, ಅದೊಂದು ಮಾತೇ ಅಲ್ಲ.

ಮಾರ್ಚ್ 22, ಶನಿವಾರ

ಇವರೂ ಬರಲಿ ಎಂದು ತೀರ್ಮಾನಿಸಿದ್ದೇನೆ. ಸೂಟ್‌ಕೇಸ್ ಎತ್ತಲು ಒಬ್ಬರು ಬೇಕಲ್ಲ. ಅಲ್ಲದೆ ಇಷ್ಟು ದಿನ ಅಡುಗೆ ಮಾಡಿದವರನ್ನು ಇಲ್ಲೇ ಬಿಟ್ಟುಹೋದರೆ ಅಕ್ಕ ನನ್ನನ್ನೇ ಬೈಯುತ್ತಾಳೆ. ಇದಕ್ಕಿಂತ ಬೇರೆ ಕಾರಣವೇನಿಲ್ಲ.

ಹೇಳಿದಾಗ ಇವರು ಸೂಜಿ ಕೆಳಗಿಟ್ಟರು. "ನಾನಾ?" ಎಂದರು. ಅಂಗಡಿ ಎಂದರು. ಐದು ದಿನ ಬೀಗ ಹಾಕಿದರೆ ಪುಸ್ತಕಗಳೇನು ಎದ್ದು ಓಡಿಹೋಗುವುದಿಲ್ಲ ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಇವರು ನನ್ನ ಹಣೆ ಮುಟ್ಟಿ ನೋಡಿದರು. ನಾನು ಗುರುತು ಕೊಡುವ ದಿನವೇ ಇವರ ಅರ್ಜಿಯೂ ಆಗುತ್ತದೆ. ಇವರ ಬೆರಳಿನದೇನೂ ತಕರಾರಿಲ್ಲ, ಹೋದ ಸಲವೇ ನೋಡಿದ್ದೇವೆ. ಪಕ್ಕದ ಸೀಟಿಗೇ ಟಿಕೆಟ್ ಹೇಳಿದೆವು. ಕಿಟಕಿ ಯಾರಿಗೆ ಎಂದು ಅರ್ಧ ಗಂಟೆ ಜಗಳವಾಯಿತು. ಹೋಗುವಾಗ ನನಗೆ, ಬರುವಾಗ ಇವರಿಗೆ.

ಆಮೇಲೆ ಇಬ್ಬರೂ ಕೂತು ಯಾವುದು ಕೈಚೀಲಕ್ಕೆ, ಯಾವುದು ಸೂಟ್‌ಕೇಸಿಗೆ ಎಂದು ಬರೆದೆವು. ವಿಮಾನದೊಳಗೆ ಸೂಜಿ, ಕತ್ತರಿ, ದಬ್ಬಳ ಬಿಡುವುದಿಲ್ಲವಂತೆ. ಅವಿಲ್ಲದೆ ಐದು ದಿನ ಹೇಗಿರುತ್ತದೋ ನೋಡಬೇಕು. ದ್ವೀಪದಲ್ಲಿ ಸೆಖೆ ಹೆಚ್ಚು, ತೆಳು ಬಟ್ಟೆ ತನ್ನಿ ಎಂದಿದ್ದಾಳೆ ಅಕ್ಕ. ದೋಣಿಯವರು ಮಧ್ಯದಲ್ಲಿ ಫೋನ್ ತೆಗೆದುಕೊಂಡು, ಇಲ್ಲಿ ತೇವಕ್ಕೆ ಪುಸ್ತಕದ ರಟ್ಟೆಲ್ಲ ಬಾಗುತ್ತದೆ, ಏನು ಮಾಡಬೇಕು ಎಂದು ಕೇಳಿದರು. ಹತ್ತು ನಿಮಿಷ ವಿವರಿಸಿದೆ. ಅಡ್ಡ ಮಾತಾಡದೆ ಕೇಳಿಸಿಕೊಳ್ಳುತ್ತಾರೆ.

ಮಾರ್ಚ್ 26, ಬುಧವಾರ

ಬಂತು. ಹತ್ತಕ್ಕೆ ಒಂಬತ್ತು ಬೆರಳು. ಬಲ ಹೆಬ್ಬೆರಳು ಮಾತ್ರ ಇನ್ನೂ ಬೋಳು. ಒಂಬತ್ತು ಸಾಕು ಎಂದರು ಆಕೆ. ಕಂಪ್ಯೂಟರಿನಲ್ಲಿ ನನ್ನ ಗೆರೆಗಳನ್ನು ಮೊದಲ ಸಲ ನೋಡಿದೆ. ಇಷ್ಟು ದಿನ ಎಲ್ಲಿದ್ದವೋ. ಕಣ್ಣು ತುಂಬಿ ಬಂತು, ಸೆರಗಿನಲ್ಲಿ ಒರೆಸಿಕೊಂಡೆ.

ಆಮೇಲೆ ಇವರ ಸರದಿ. ಶರ್ಟಿನ ತೋಳು ಮಡಚಿ, ಪರೀಕ್ಷೆಯಲ್ಲಿ ಮೊದಲು ಬಂದವರ ಹಾಗೆ ಕೈ ಇಟ್ಟರು. ನಾಲ್ಕು ಬೂದು ಮಚ್ಚೆ.

ಇನ್ನೊಮ್ಮೆ. ಅಷ್ಟೇ.

"ಹೋದ್ಸಲ ಬಂದಿತ್ತಲ್ಲಮ್ಮ ಇವ್ರದು" ಎಂದೆ.

ಆಕೆ ಇವರ ಕೈ ತಿರುಗಿಸಿದರು. ನಾನೂ ನೋಡಿದೆ. ಮೂರು ವಾರ ನನ್ನ ಬೆರಳಿಗೆ ಎಣ್ಣೆ ಹಚ್ಚಿದ ಕೈ. ಅದನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ ನಾನು. ತುದಿಗಳು ನುಣ್ಣಗೆ, ಕೆಂಪಗೆ ಆಗಿವೆ. ತೋರುಬೆರಳಲ್ಲಿ ದಾರ ಕೊಯ್ದ ಗೀರು, ಉಗುರಿನ ಸಂದಿಯಲ್ಲಿ ಒಣಗಿದ ಅಂಟು. ಕೆಲಸಕ್ಕೆ ಪಳಗಿದ ಕೈಗೆ ಇಷ್ಟು ಬೇಗ ಆಗುವುದಿಲ್ಲವಂತೆ, ಎಳೆಯ ಚರ್ಮ ನೋಡಿ, ಕಾಗದಕ್ಕೆ ಅಭ್ಯಾಸವಿಲ್ಲ, ಜೊತೆಗೆ ಪಾತ್ರೆ ಸೋಪು. ಮೂರು ವಾರ ಬಿಟ್ಟು ಬನ್ನಿ ಎಂದರು.

ಮೂರು ವಾರವೆಂದರೆ ಏಪ್ರಿಲ್ ಹದಿನಾರು, ಅಕ್ಕನ ಮದುವೆಯ ದಿನ.

ಇವರು ನಗುತ್ತಲೇ ಎದ್ದರು. "ನೋಡು, ಈಗ ನಂದೂ ಕೆಲಸ ಕಂಡ ಕೈ" ಎಂದರು. ನಾನು ನಗಲಿಲ್ಲ. ಕಚೇರಿಯ ಮೆಟ್ಟಿಲ ಮೇಲೆ, ಅಷ್ಟು ಜನರ ನಡುವೆ, ಆ ಕೈ ಹಿಡಿದುಕೊಂಡು ನಿಂತಿದ್ದೆ. ಆ ದಿನ ಸಾಲಿನ ಮುಂದೆ ಹಾಗೆ ಆಡಿಕೊಳ್ಳಬಾರದಿತ್ತು. ತಪ್ಪಾಯಿತು ಎಂದೆ. ಯಾವುದಕ್ಕೆ ಎಂದು ಇವರಿಗೆ ಗೊತ್ತಾಗಲಿಲ್ಲ. ಮದುವೆಯಾದ ಮೂವತ್ತು ವರ್ಷದ್ದೆಲ್ಲ ಸೇರಿ ಎಂದೆ.

ಮಾರ್ಚ್ 27, ಗುರುವಾರ

ನಾನು ಹೋಗುವುದಿಲ್ಲ ಎಂದೆ. ಇವರು ಮೊದಲ ಸಲ ದನಿ ಎತ್ತರಿಸಿದರು. "ನಾನು ಬೆರಳು ಸವೆಸಿದ್ದು ನೀನು ಹೋಗ್ಲಿ ಅಂತ. ಹೋಗದೇ ಇದ್ರೆ ಇಪ್ಪತ್ತು ರಿಜಿಸ್ಟರೂ ದಂಡ."

ಹೋಗುತ್ತೇನೆ.

ಏಪ್ರಿಲ್ 5, ಶನಿವಾರ

ಪಾಸ್‌ಪೋರ್ಟ್ ಬಂತು. ಫೋಟೋದಲ್ಲಿ ಯಾರ ಮೇಲೋ ಜಗಳಕ್ಕೆ ಹೊರಟವಳ ಹಾಗಿದ್ದೇನೆ. ಹೊಲಿಗೆ ಮಾತ್ರ ಅಚ್ಚುಕಟ್ಟು, ಒಳ್ಳೆಯ ದಾರ ಹಾಕಿದ್ದಾರೆ.

ಕೆಲಸಕ್ಕೆ ಮತ್ತೆ ಕೂತಿದ್ದೇನೆ. ಈಗ ಎಣ್ಣೆ ಹಚ್ಚಿ ಕೂರುವ ಸರದಿ ಇವರದು. ಬಿಳಿ ಹತ್ತಿಯ ಕೈಗವಸು ಹಾಕಿಸಿದ್ದೇನೆ, ಎಣ್ಣೆ ಎಲ್ಲೆಲ್ಲೋ ಮೆತ್ತದಿರಲಿ ಎಂದು. ಮಡಿಕೆ ಉಜ್ಜಲು ಮೂಳೆಯ ಪಟ್ಟಿ ತಂದೆ. ಬೆರಳಷ್ಟು ತಿಳಿಯುವುದಿಲ್ಲ, ನಿಜ. ನಡೆಯುತ್ತದೆ.

ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಇವರ ಕೈಗೆ ಸಿಗುವ ಹಾಗೆ ಬಲಗಡೆ ಬಂದಿದೆ. ಎರಡು ಸಲ ಎಡಗಡೆ ಹುಡುಕಿದೆ. ಹಾಗೇ ಇರಲಿ ಎಂದು ಬಿಟ್ಟಿದ್ದೇನೆ.

ಏಪ್ರಿಲ್ 13, ಭಾನುವಾರ, ದ್ವೀಪದ ವಿಮಾನ ನಿಲ್ದಾಣ

ಬಂದಿಳಿದು ಬೆಂಚಿನ ಮೇಲೆ ಕೂತಿದ್ದೇನೆ. ಅಕ್ಕ ಒಂಬತ್ತೂವರೆಗೆ ಬರುತ್ತಾಳೆ. ಹೊರಗೆ ತೆಂಗಿನ ಮರಗಳು ಕಾವಲಿಗೆ ನಿಂತ ಹಾಗಿವೆ, ಸೆಖೆ ಬಾಗಿಲು ತೆಗೆದ ಕೂಡಲೇ ಮೈಮೇಲೆ ಬಂತು.

ವಿಮಾನದಲ್ಲಿ ಹೆದರಿಕೆಯಾಗಲಿಲ್ಲ. ಮೇಲಿಂದ ಸಮುದ್ರ, ರಟ್ಟಿಗೆ ಹೊದಿಸುವ ಕ್ಯಾಲಿಕೋ ಬಟ್ಟೆಯ ಹಾಗೆ ಸಣ್ಣ ಸಣ್ಣ ನೆರಿಗೆ. ನೋಡ್ರೀ ಎಂದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಯಾರೋ ಬಾಯಿ ತೆರೆದು ಮಲಗಿದ್ದರು. ಐವತ್ತೈದು ನಿಮಿಷದಲ್ಲಿ ಹೀಗೆ ಮೂರು ಸಲ ತಿರುಗಿದೆ.

ಇಲ್ಲಿಯ ಗೋಡೆ ಗಡಿಯಾರದಲ್ಲಿ ಈಗ ಒಂಬತ್ತೂಕಾಲು. ನಮ್ಮೂರಲ್ಲಿ ಒಂಬತ್ತೂಕಾಲಾಗಿದ್ದಾಗ ಗಾಜಿನ ಈಚೆ ನಾನು, ಆಚೆ ಇವರು. ಕೈಗವಸು ಹಾಕಿಕೊಂಡೇ ಬಂದಿದ್ದರು. ಎರಡೂ ಬಿಳಿ ಕೈ ಎತ್ತಿ ಬೀಸಿದಾಗ ಜನರೆಲ್ಲ ಟ್ರಾಫಿಕ್ ಪೊಲೀಸ್ ಎಂದುಕೊಂಡು ದಾರಿ ಬಿಟ್ಟರು. ಈ ಗಡಿಯಾರ ನಂಬುವುದಾದರೆ ನಾನು ಇನ್ನೂ ಅಲ್ಲೇ ನಿಂತಿದ್ದೇನೆ.

ಅದೇ ದಿನ, ಸಂಜೆ

ಕರೆಯಲು ಬಂದದ್ದು ಅಕ್ಕ ಅಲ್ಲ, ದೋಣಿಯ ಭಾವ. ಅಷ್ಟು ಜನರಲ್ಲಿ ನನ್ನನ್ನು ಹೇಗೆ ಗುರುತು ಹಿಡಿದಿರಿ ಎಂದು ಕೇಳಿದೆ. ನಾನು ಕೈಯಲ್ಲಿದ್ದ ಚೀಟಿ ಮಡಚಿ ಬೆರಳಿನಲ್ಲಿ ಉಜ್ಜುತ್ತಾ ಕೂತಿದ್ದೆನಂತೆ. "ನಿಮ್ಮಕ್ಕನೂ ಹಾಗೇ. ಕರೆಂಟ್ ಬಿಲ್ ಬಂದ್ರೂ ಮಡಚಿ ಉಜ್ಜೇ ಇಡೋದು" ಎಂದರು. ನನ್ನ ಸೂಟ್‌ಕೇಸ್ ಎತ್ತಿಕೊಂಡು, ನನ್ನನ್ನು ನೆರಳಿನ ಕಡೆ ಬಿಟ್ಟು ತಾವು ಬಿಸಿಲಿನ ಕಡೆ ನಡೆದರು.

ಅಕ್ಕನಿಗೆ ತಲೆ ಪೂರ್ತಿ ಬೆಳ್ಳಗಾಗಿದೆ. ಬಾಗಿಲಲ್ಲಿ ಇಬ್ಬರೂ ಅತ್ತದ್ದಾಯಿತು, ನಕ್ಕದ್ದಾಯಿತು. ನನ್ನ ಬೆರಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಗೆರೆ ನೋಡಿದಳು. ಆಮೇಲೆ ಟೀ ಮಾಡಿದಳು. ಮೂರು ಲೋಟ, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಏನೋ ಬುದ್ಧಿ ಹೇಳ್ಬೇಕು ಅಂದಿದ್ಯಲ್ಲ ಫೋನಲ್ಲಿ. ಹೇಳು."

"ನಮ್ಮೂರಿನ ನೀರಿನ ತೆರಿಗೆ ರಿಜಿಸ್ಟರಲ್ಲಿದೆ. ಬೇಕಾದ್ರೆ ಹೋಗಿ ನೋಡ್ಕೋ."

ಐದು ಗಂಟೆಗೆ ಮನೆಗೆ ಫೋನ್ ಮಾಡಿದೆ. ಅಲ್ಲಿ ಏಳು, ಎಣ್ಣೆ ಹಚ್ಚುವ ಹೊತ್ತು. ಹಚ್ಚಿಕೊಂಡಿರಾ ಎಂದೆ. ಹೂಂ ಎಂದರು. ಬುಧವಾರ ಬೆಳಿಗ್ಗೆ ನಾನು ಇಲ್ಲಿ ಸಹಿ ಹಾಕುವ ಹೊತ್ತಿಗೆ ಇವರು ಅಲ್ಲಿ ಬೆರಳು ಒತ್ತುತ್ತಿರುತ್ತಾರೆ. ಗುರುತು ಬಂದರೆ ಮಳೆಗಾಲಕ್ಕೆ ಮುಂಚೆ ನಾವಿಬ್ಬರೂ ಬರುವುದೆಂದು ಅಕ್ಕನೂ ಭಾವನೂ ಸೇರಿ ಈಗಾಗಲೇ ಕೋಣೆ ಗೊತ್ತುಮಾಡಿದ್ದಾರೆ. ಇದನ್ನೆಲ್ಲ ಹೇಳಿದೆ. ಊಟವಾಯಿತೇ, ಟೀ ಕುಡಿದಿರೇ ಎಂದು ಕೇಳಿದೆ.

"ಕುಡಿದೆ ಕಣೇ. ಅಳತೆ ತಪ್ಪಿ ಎರಡು ಲೋಟ ಆಯ್ತು."

"ಇನ್ನೊಂದು ಲೋಟ ಏನ್ಮಾಡಿದ್ರಿ?"

"ತಟ್ಟೆ ಮುಚ್ಚಿ ಇಟ್ಟಿದೀನಿ" ಎಂದರು.